ದುಗ್ಗಮ್ಮನ ಗದ್ದೆ ಮತ್ತು ನಾನು ಕೊಟ್ಟ ಒಂದು ಪದ

ಇವೊಕೇಟಿವ್ ಅನ್ನುವ ಪದ ಕಿವಿಗೆ ಬಿದ್ದರೆ ನಾನೀಗ ಎದ್ದು ಆಚೆ ಹೋಗುತ್ತೇನೆ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಹೆಂಗಸು ಒಂದು ಇಂಗ್ಲಿಷ್ ಗುಣವಾಚಕದ ಮೇಲೆ ಹೀಗೆ ಹಗೆ ಸಾಧಿಸುವುದು ನೋಡುವವರಿಗೆ ವಿಚಿತ್ರವಾಗಿ ಕಾಣಬಹುದು. ಪದದ ತಪ್ಪೇನೂ ಇಲ್ಲ. ಅದನ್ನು ತೆಗೆದುಕೊಂಡು ಹೋಗಿ ಶರಾವತಿ ಹಿನ್ನೀರಿನ ದಡದಲ್ಲಿ ಒಬ್ಬ ವ್ಯಾಪಾರಿಯ ಕೈಗೆ ಇಟ್ಟವಳು ನಾನು. ದುಗ್ಗಮ್ಮನ ಬಗ್ಗೆ ನಾಲ್ಕು ಪುಟ ಬರೆಯೋಣವೆಂದು ಕೂತರೆ ಆ ದರಿದ್ರ ಪದವೇ ಮುಂದೆ ಬಂದು ಕೂರುತ್ತದೆ. ಹಾಗಾಗಿ ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ಯಾವುದೋ ವಾಸನೆ, ಯಾವುದೋ ದನಿ, ಯಾವುದೋ ರುಚಿ ನಮ್ಮ ತಳದಲ್ಲಿ ಬಿದ್ದಿದ್ದ ನೆನಪನ್ನು ಹೇಳದೆ ಕೇಳದೆ ಮೇಲಕ್ಕೆ ಎಳೆದು ತಂದರೆ ಅಂಥದ್ದಕ್ಕೆ ಇಂಗ್ಲಿಷಿನಲ್ಲಿ ಇವೊಕೇಟಿವ್ ಅನ್ನುತ್ತಾರೆ. ಕ್ಲಾಸಿನಲ್ಲಿ ನಾನು ಕೊಡುತ್ತಿದ್ದ ಉದಾಹರಣೆ ಲಾಂಚಿನ ಡೀಸೆಲ್ ವಾಸನೆಯದು. ಈ ಊರು ಬಿಟ್ಟು ಎಲ್ಲಿಗೋ ಹೋಗಿ, ಇಪ್ಪತ್ತು ವರ್ಷದ ಮೇಲೆ ಒಂದು ಗ್ಯಾರೇಜಿನ ಮುಂದೆ ಹಾದು ಹೋಗುವಾಗ ಆ ವಾಸನೆ ಮೂಗಿಗೆ ಬಡಿದು, ಹೊಳೆ ದಾಟಿ ಶಾಲೆಗೆ ಬಂದದ್ದು ನೆನಪಾದರೆ ಆ ವಾಸನೆ ಇವೊಕೇಟಿವ್. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತಿತ್ತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಿದ್ದೆ. ಯಾವುದರ ನೆನಪು, ಯಾರಿಗೆ ಬಂದ ನೆನಪು ಎಂದು ಕೇಳಿದರೆ ಉತ್ತರ ಕೊಡಲಾಗದವರು ಈ ಪದದ ತಂಟೆಗೆ ಹೋಗಬಾರದು ಅನ್ನುತ್ತಿದ್ದೆ. ಆ ಮಾತು ಕೇಳಿಸಿಕೊಂಡವರಲ್ಲಿ ಶ್ರೀನಾಥ್ ಎಂಬ ಹುಡುಗನೂ ಇದ್ದ. ಪದ ನೆನಪಿಟ್ಟುಕೊಂಡ, ಎಚ್ಚರಿಕೆ ಬಿಟ್ಟುಬಿಟ್ಟ.

ನಾನು ತೀರ್ಥಹಳ್ಳಿಯವಳು. ಕೆಲಸ ಸಿಕ್ಕಿದ್ದು ಸಾಗರ ತಾಲ್ಲೂಕಿನಲ್ಲಿ, ಹಿನ್ನೀರಿನ ಆಚೆ, ಬ್ಯಾಕೋಡಿನ ಹತ್ತಿರದ ಒಂದು ಶಾಲೆಯಲ್ಲಿ. ಸಾಗರದಲ್ಲಿ ಮನೆ ಮಾಡಿ ದಿನಾ ಲಾಂಚು ಹತ್ತಿ ಹೊಳೆ ದಾಟುತ್ತಿದ್ದೆ. ಅಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು ದುಗ್ಗಮ್ಮ. ಕುಳ್ಳಿ, ದನಿ ದೊಡ್ಡದು, ಸೆರಗು ಸೊಂಟಕ್ಕೆ ಬಿಗಿದು ನಿಂತರೆ ಹೆಡ್ ಮಾಸ್ಟರೂ ಅಡುಗೆ ಕೋಣೆಗೆ ಕಾಲಿಡುವಾಗ ಕೆಮ್ಮಿ ಹೋಗಬೇಕು. ಸಾರಿಗೆ ನೀರು ಹೆಚ್ಚು ಹಾಕಿ ಎಂದು ಹೇಳಲು ಬಂದ ಒಬ್ಬ ಅಧಿಕಾರಿಯನ್ನು ಅವಳು ಸೌಟು ಹಿಡಿದುಕೊಂಡೇ ಗೇಟಿನ ತನಕ ಬಿಟ್ಟು ಬಂದಿದ್ದಳು. ಆದರೆ ನನ್ನ ಎದುರು ಮಾತ್ರ ತಗ್ಗುತ್ತಿದ್ದಳು. ಈ ಕಡೆ ಟೀಚರುಗಳನ್ನು ಅಕ್ಕೋರು ಅನ್ನುತ್ತಾರೆ. ಅಕ್ಕೋರು ಹೇಳಿದ್ದು ಅವಳಿಗೆ ಕಡೆಯ ಮಾತು. ಆಗ ನನಗೆ ಅದು ಹೆಮ್ಮೆಯಾಗಿತ್ತು.

ದುಗ್ಗಮ್ಮ ಹುಟ್ಟಿದ ಊರು ಈಗ ಇಲ್ಲ. ಅವಳಿಗೆ ಏಳು ವರ್ಷವಾದಾಗ ಲಿಂಗನಮಕ್ಕಿಯ ನೀರು ಬಂತು. ಅಕ್ಕಪಕ್ಕದ ಮನೆಯವರು ಹೊಸನಗರದ ಕಡೆಗೋ ಶಿವಮೊಗ್ಗದ ಕಡೆಗೋ ಗಂಟುಮೂಟೆ ಕಟ್ಟಿದರು. ಅವಳ ಅಪ್ಪ ಮಾತ್ರ ಗುಡ್ಡ ಹತ್ತಿ ಅಲ್ಲೇ ಮೇಲೆ ನಿಂತುಬಿಟ್ಟ. ಅವರು ಉಳುತ್ತಿದ್ದ ಗದ್ದೆ ಅವರದಾಗಿರಲಿಲ್ಲ, ಗೇಣಿಗೆ ಮಾಡುತ್ತಿದ್ದದ್ದು. ಪರಿಹಾರವೆಲ್ಲ ಕಾಗದದಲ್ಲಿ ಯಾರ ಹೆಸರಿತ್ತೋ ಅವರಿಗೆ ಹೋಯಿತು. ಮುಂದೆ ಉಳುವವನಿಗೇ ಹೊಲ ಎಂಬ ಕಾನೂನು ಬಂದು ಗುಡ್ಡದ ಮೇಲೆ ಗೇಣಿಗೆ ಮಾಡಿಕೊಂಡಿದ್ದ ಎರಡು ಎಕರೆ ಅವರದ್ದಾಯಿತು ನಿಜ. ಆದರೆ ಅವಳ ಅವ್ವನಿಗೆ ಗದ್ದೆ ಎಂದರೆ ನೀರೊಳಗೆ ಹೋದದ್ದೇ.

ದುಗ್ಗಮ್ಮನ ಜನ ದೀವರು. ಈ ಸೀಮೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆ ಎಂದರೆ ಗದ್ದೆಗೆ ಸೀಮಂತ. ಭತ್ತ ಹೊಡೆಗೆ ಬಂದಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆಯೂಟ ಹಾಕಬೇಕು. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಕೂದಲೆಳೆಯಂಥ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ಸಂಜೆಯಿಂದ ಸೌತೆಕಾಯಿ ಕಡುಬು, ಬುತ್ತಿಯುಂಡೆ, ಹತ್ತಾರು ಬಗೆಯ ಕಾಡುಸೊಪ್ಪು ಬೆರೆಸಿದ ಅಚ್ಚಂಬಲಿ ಎಲ್ಲ ಬೇಯಿಸಿ ಆ ಬುಟ್ಟಿಯಲ್ಲಿ ತುಂಬಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಒಯ್ದು ಬೀರುತ್ತಾರೆ. ಬೇಯಿಸುವವಳು ಉಪ್ಪು ನೋಡುವಂತಿಲ್ಲ. ಮನೆಯಲ್ಲಿ ಮಗು ಅತ್ತರೂ ಅದರಲ್ಲೊಂದು ಚೂರು ಮುರಿದು ಕೊಡುವಂತಿಲ್ಲ. ಭೂಮಿ ಉಂಡಮೇಲೆ ಉಳಿದವರು. ಬಸುರಿಗೆ ಎಂಜಲು ಹಾಕುವುದುಂಟೇ?

ಮುಳುಗಡೆಯಾದ ವರ್ಷ ದುಗ್ಗಮ್ಮನ ಅವ್ವ ಎಂದಿನಂತೆ ಬುಟ್ಟಿ ತುಂಬಿದಳು. ಗದ್ದೆಯೇ ಇಲ್ಲವಲ್ಲೇ ಎಂದವರಿಗೆ, ಇದೆ, ಕೆಳಗಿದೆ ಅಂದಳಂತೆ. ಗಂಡನನ್ನು ಎಬ್ಬಿಸಿ ತೆಪ್ಪ ಕಟ್ಟಿಸಿ ನೀರಿಗಿಳಿದಳು. ದಡದ ಕರಿಬಂಡೆಯ ಹಿಂದೆ ಗುಡ್ಡದ ಒಂಟಿ ಹುಣಾಲು ಮರ ಪೂರ್ತಿ ಮರೆಯಾಗುವ ಜಾಗ ಬಂದಾಗ ತೆಪ್ಪ ನಿಲ್ಲಿಸಿ, ಇದರಡಿಗೆ ನಮ್ಮ ಗದ್ದೆಯ ಮೇಲಿನ ಬದು ಎಂದು ಹೇಳಿ ಕಡುಬು ಬಿಟ್ಟಳು. ಅಲ್ಲಿಂದ ಮುಂದೆ ಅದೇ ರೂಢಿ. ಅವ್ವ ಹೋದಮೇಲೆ ದುಗ್ಗಮ್ಮ ಹಿಡಿದಳು. ಮೊದಲು ಆ ಮುಳುಗಿದ ಗದ್ದೆಗೆ, ಆಮೇಲೆ ಗುಡ್ಡದ ಮೇಲಿನ ಸ್ವಂತ ಗದ್ದೆಗೆ. ಅರವತ್ತು ವರ್ಷ ಒಂದೂ ತಪ್ಪಿಸಿರಲಿಲ್ಲ. ಮಗ ದಿನೇಶ್ ಹುಟ್ಟಿದ ಹತ್ತನೇ ದಿನ ಭೂಮಿ ಹುಣ್ಣಿಮೆ ಬಂದಿತ್ತು. ಬಾಣಂತಿ ತಾನು ಹೋಗಲಾಗದೆ ನಾದಿನಿಯ ಕೈಲಿ ಕಳಿಸಿದ್ದಳು, ಮರ ಮರೆಯಾಯಿತೋ ಇಲ್ಲವೋ ಎಂದು ಮೂರು ಸಲ ಕೇಳಿದ್ದಳಂತೆ.

ಅವಳ ಗಂಡ ಮಂಜುನಾಥಪ್ಪನಿಗೆ ಇದು ವರ್ಷಕ್ಕೊಮ್ಮೆ ಸಿಗುವ ತಮಾಷೆ. "ನಮ್ಮನೆ ಕಡುಬು ತಿಂದು ತಿಂದು ಮೀನೆಲ್ಲ ಸಾಗರದ್ ಮಾರ್ಕೆಟ್ಟಿಗೆ ಹೋಗ್ತವೆ ಅಕ್ಕೋರೆ. ನೀವು ಮೀನು ತಿಂತಿದ್ರೆ ಗೊತ್ತಾಗ್ತಿತ್ತು ರುಚಿ" ಅನ್ನುತ್ತಿದ್ದ. ದುಗ್ಗಮ್ಮ ಬಯ್ಯುತ್ತಿದ್ದಳು, ಅವನು ನಗುತ್ತಿದ್ದ. ಹೀಗೆ ಬಯ್ಯಿಸಿಕೊಂಡೇ ಹಿಂದಿನ ದಿನ ತೆಪ್ಪದ ಬಿದಿರು ಗಟ್ಟಿಯಿದೆಯೋ ಇಲ್ಲವೋ ನೋಡಿ ಹಗ್ಗ ಬಿಗಿದು ಬರುತ್ತಿದ್ದವನೂ ಅವನೇ. ಹಬ್ಬದ ಮಧ್ಯಾಹ್ನ ಅವರ ಮನೆಯಲ್ಲಿ ನನಗೆ ಊಟ. ವರ್ಷಕ್ಕೊಂದು ದಿನ, ಇಪ್ಪತ್ತೆರಡು ವರ್ಷ ಉಂಡಿದ್ದೇನೆ.

ಈಗ ಶ್ರೀನಾಥನ ಕಥೆ. ಓದಿನಲ್ಲಿ ಸಾಧಾರಣ, ಮಾತಿನಲ್ಲಿ ಮುಂದು. ಎಲ್ಲೆಲ್ಲೋ ಹೋಟೆಲುಗಳಲ್ಲಿ ಮ್ಯಾನೇಜರಾಗಿದ್ದವನು, ಲಾಂಚು ದಾಟುವಲ್ಲಿ ಸೇತುವೆ ಏಳುತ್ತದೆಂದು ಖಾತ್ರಿಯಾದ ಕೂಡಲೇ ಬಂದು ಹಿನ್ನೀರಿನ ದಡದಲ್ಲಿ ಜಾಗ ಹಿಡಿದ. ಕರಿಬಂಡೆ ಇದ್ದ ಕೊಲ್ಲಿಯೇ ಅವನಿಗೆ ಬೇಕಾಯಿತು. ಹತ್ತು ಕಾಟೇಜು, ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟ, ಸುತ್ತ ತಂತಿಬೇಲಿ. ಸಾಗರದ ನನ್ನ ಮನೆಗೆ ಹಣ್ಣಿನ ಬುಟ್ಟಿ ಹಿಡಿದು ಬಂದು ಕಾಲಿಗೆ ಬಿದ್ದ. "ಟೀಚರ್, ಬೋರ್ಡಿಗೆ, ವೆಬ್‌ಸೈಟಿಗೆ ಒಳ್ಳೇ ಇಂಗ್ಲಿಷ್ ಬೇಕು. ಮುಳುಗಡೆ ಫೀಲ್ ಬರ್ಬೇಕು" ಅಂದ.

ಮುಳುಗಡೆ ಫೀಲ್! ಅಲ್ಲೇ ಅವನ ಕಪಾಳಕ್ಕೆ ಬಾರಿಸಬೇಕಿತ್ತು. ನಾನೇನು ಮಾಡಿದೆ? ಕನ್ನಡಕ ಹಾಕಿಕೊಂಡು ಪೆನ್ನು ತೆಗೆದೆ. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು, ನನ್ನ ಇಂಗ್ಲಿಷ್ ಬೇಕೆಂದು ಯಾರೂ ಕೇಳಿರಲಿಲ್ಲ. ಚಪಲ ಎನ್ನಿ, ಸೊಕ್ಕು ಎನ್ನಿ. ಹಿನ್ನೀರಿನ ಮೌನ, ಬೇಸಗೆಯಲ್ಲಿ ತಲೆಯೆತ್ತುವ ಒಣಮರದ ಬೊಡ್ಡೆಗಳು, ಕಳೆದುಹೋದ ಊರುಗಳು ಎಂದು ಒಂದು ಪುಟ ಬರೆದು, ನಡುವೆ ಇವೊಕೇಟಿವ್ ಎಂದು ಸೇರಿಸಿ, ಅದರ ಅರ್ಥವನ್ನೂ ಬಳಕೆಯನ್ನೂ ಮತ್ತೊಮ್ಮೆ ಪಾಠ ಮಾಡಿದೆ. "ಸೂಪರ್ ಟೀಚರ್, ಇದೇ ನಮ್ಮ ಬ್ರ್ಯಾಂಡು" ಎಂದು ಕುಣಿದ.

ತೆರೆದ ಮೇಲೆ ನೋಡಲು ಹೋದೆ. ಗೇಟಿನ ಮೇಲೆ ಇವೊಕೇಟಿವ್ ಸ್ಟೇ. ಊಟದ ಮನೆಯಲ್ಲಿ ಇವೊಕೇಟಿವ್ ಥಾಲಿ. ಎಣ್ಣೆಸ್ನಾನಕ್ಕೆ ಇವೊಕೇಟಿವ್ ಬಾತ್. ಕಕ್ಕಸಿನ ಗೋಡೆಗೆ ಯಾರದೋ ಮುಳುಗಿದ ಮನೆಯ ಬಾಗಿಲು ಜಡಿದು ಅದರ ಕೆಳಗೂ ಅದೇ ಪದ. ಯಾವುದರ ನೆನಪು, ಯಾರ ನೆನಪು ಎಂದು ಕೇಳಿದೆ. "ಗೆಸ್ಟ್ ತಮಗೆ ಬೇಕಾದ್ದು ನೆನಪು ಮಾಡ್ಕೋತಾರೆ ಬಿಡಿ ಟೀಚರ್" ಅಂದ. ಮೈ ಉರಿಯಿತು. ಆದರೂ ಅವನು ಕೊಟ್ಟ ಕಾಫಿ ಕುಡಿದು, ಚೆನ್ನಾಗಿದೆಯಪ್ಪ ಎಂದು ಹೇಳಿ ಬಂದೆ. ಅಸಹ್ಯ ಬರುವುದು ಬೇರೆಯವರ ಮೇಲೆ ಮಾತ್ರ ಅಂದುಕೊಂಡಿದ್ದೆ ಆಗ.

ಹೋದ ವರ್ಷ ಮಳೆಗಾಲದಲ್ಲಿ ಸೇತುವೆ ತೆರೆದರು, ಲಾಂಚಿನ ಸಾಲು ತಪ್ಪಿತು. ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ನಾಲ್ಕು ದಿನವಿದ್ದಾಗ ದುಗ್ಗಮ್ಮನನ್ನು ನೋಡಿ ಬರೋಣವೆಂದು ಬಸ್ಸಿನಲ್ಲಿ ಹೋದೆ. ಸೊಸೆ ಸುಷ್ಮಾ ಬುಟ್ಟಿಗೆ ಕೆಮ್ಮಣ್ಣು ಬಳಿಯುತ್ತಿದ್ದಳು. ದುಗ್ಗಮ್ಮ ಗೋಡೆಗೊರಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕರಿಬಂಡೆಯ ದಡಕ್ಕೆ ಈಗ ಬೇಲಿ, ತೆಪ್ಪ ಇಳಿಸಲು ಬಿಡುವುದಿಲ್ಲ ಎಂದು ಕಾವಲಿನವನು ದಿನೇಶನನ್ನು ಓಡಿಸಿದ್ದನಂತೆ.

"ಆಚೆ ಕೊಲ್ಲಿಯಿಂದ ಹೋಗ್ತೀವಿ ಅಕ್ಕೋರೆ. ಮಟ್ಟಿಯೊಳಗೆ ಒಂದು ಹರದಾರಿ ನಡೀಬೇಕು, ಆಮೇಲೆ ಒಂದು ಗಂಟೆ ತೆಪ್ಪ. ಮೂರು ಗಂಟೆಗೇ ಹೊರಟ್ರೆ ಬೆಳಕು ಹರಿಯೋಕ್ ಮುಂಚೆ ಮುಟ್ತೀವಿ" ಅಂದಳು.

"ಈ ಮಂಡಿ ಇಟ್ಕೊಂಡು ಎಂತ ಹರದಾರಿ ನಡೀತೀಯ? ಶ್ರೀನಾಥ ನನ್ನ ಹುಡುಗ. ನಾನು ಮಾತಾಡ್ತೀನಿ" ಅಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ.

ಹೋಗಿ ಮಾತಾಡಿದೆ. ಅವನು ಎದ್ದು ನಿಂತ. "ಟೀಚರ್! ಮುಳುಗಿದ ಗದ್ದೆಗೆ ಊಟ! ಇದಕ್ಕಿಂತ ಇವೊಕೇಟಿವ್ ಏನಿದೆ ಹೇಳಿ?" ಬೇಲಿ ತೆಗೆಸುತ್ತೇನೆ, ಅಟ್ಟದಿಂದಲೇ ಇಳಿಯಬಹುದು, ಕುರ್ಚಿ ಹಾಕಿಸುತ್ತೇನೆ, ನಮ್ಮ ಗೆಸ್ಟುಗಳು ದೂರದಲ್ಲಿ ನಿಂತು ನೋಡುತ್ತಾರೆ, ಅಷ್ಟೇ ಎಂದ. ಆದರೆ ಅವರು ಏಳುವುದು ತಡ. ಎಂಟು ಗಂಟೆಗೆ ಇಟ್ಟುಕೊಳ್ಳಬಹುದಲ್ಲವೇ ಎಂದು ಕೇಳಿದ. ಒಂದೆರಡು ಗಂಟೆ ಆಚೀಚೆ ತಾನೆ ಅಂದುಕೊಂಡೆ. ಹೂಂ ಅಂದೆ.

ದುಗ್ಗಮ್ಮನಿಗೆ ಹೇಳಿದಾಗ ಅವಳು ಎಣ್ಣೆ ಬಟ್ಟಲು ಕೆಳಗಿಟ್ಟಳು. "ಬೆಳಕು ಹರಿಯೋಕ್ ಮುಂಚೆ ಹಾಕ್ಬೇಕಲ್ಲ ಅಕ್ಕೋರೆ?"

"ಒಂದು ಸಲ ಪರ್ವಾಗಿಲ್ಲ ಬಿಡು ದುಗ್ಗಮ್ಮ. ಹಾಕೋದು ಮುಖ್ಯ ಅಲ್ವಾ?"

ಮಂಜುನಾಥಪ್ಪ ಏನೋ ಹೇಳಲು ಬಾಯಿ ತೆರೆದ. ದುಗ್ಗಮ್ಮ ಅವನ ಕಡೆ ನೋಡಿ, "ಅಕ್ಕೋರು ಹೇಳ್ತಿದಾರಲ್ಲ" ಅಂದಳು. ಅವನು ಎದ್ದು ಅಂಗಳಕ್ಕೆ ಹೋದ.

ಹಬ್ಬದ ದಿನ ಬೆಳಗ್ಗೆ ನಾನು ಏಳೂವರೆಗೆ ಶ್ರೀನಾಥನ ಅಟ್ಟದ ಮೇಲಿದ್ದೆ. ದುಗ್ಗಮ್ಮನ ಮನೆಯವರು ರೂಢಿಯಂತೆ ನಸುಕಿನಲ್ಲೇ ಬಂದು ಕೂತಿದ್ದರು. ಬೆಳಕು ಹರಿಯುವುದನ್ನು, ಬಿಸಿಲು ನೀರಿಗಿಳಿಯುವುದನ್ನು ನೋಡುತ್ತ ಎರಡು ಗಂಟೆ ದುಗ್ಗಮ್ಮ ಕುರ್ಚಿ ಬಿಟ್ಟು ನೆಲದಲ್ಲಿ ಕೂತಿದ್ದಳು. ಇಡೀ ರಾತ್ರಿ ಬೇಯಿಸಿದವಳು, ಹಿಂದಿನ ಮಧ್ಯಾಹ್ನದಿಂದ ಅನ್ನ ಮುಟ್ಟದವಳು. ಪಕ್ಕದಲ್ಲಿ ಬುಟ್ಟಿಗಳು ಕಾಣಲಿಲ್ಲ. ಎಲ್ಲಿ ಎಂದೆ. "ಫೋಟೋ ತೆಗೀಬೇಕು ಅಂತ ಒಳಗೆ ತಗಂಡು ಹೋದ್ರು" ಅಂದಳು. ಮಂಜುನಾಥಪ್ಪ ಒಗೆದ ಪಂಚೆಯುಟ್ಟು ಅಟ್ಟದ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅವತ್ತು ಮೀನಿನ ತಮಾಷೆ ಹೊರಡಲಿಲ್ಲ.

ಅತಿಥಿಗಳು ಎಂಟೂಕಾಲಿಗೆ ಒಬ್ಬೊಬ್ಬರಾಗಿ ಬಂದರು. ಟವೆಲು ಸುತ್ತಿಕೊಂಡವರು, ಹಲ್ಲುಜ್ಜಿದ ನೊರೆ ಗಲ್ಲಕ್ಕೆ ಹತ್ತಿದವರು, ನಾಯಿ ಹಿಡಿದವರು. ಶ್ರೀನಾಥ್ ಬಿಳೀ ಜುಬ್ಬಾ ತೊಟ್ಟು ಮೈಕು ಹಿಡಿದು ನಾನು ಬರೆದ ಪುಟವನ್ನು ಓದತೊಡಗಿದ. ಎರಡು ಸಾಲಿಗೊಮ್ಮೆ ತಾನೇ ಸೇರಿಸಿದ ಇವೊಕೇಟಿವ್. ಒಂದು ಡ್ರೋನು ಜೇನುಹುಳದ ಹಾಗೆ ಗುಂಯ್‌ಗುಡುತ್ತ ದುಗ್ಗಮ್ಮನ ತಲೆಯ ಮೇಲೆ ಸುತ್ತಿತು. ಅವಳು ಸೆರಗು ಹೊದ್ದುಕೊಂಡು ಮುದುಡಿದಳು. ಒಬ್ಬ ಹೆಂಗಸು, "ಅಯ್ಯೋ ಕ್ಯೂಟ್" ಅಂದಳು.

ನನಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ, ಏನೂ ತಿನ್ನದೆ ಬಸ್ಸು ಹತ್ತಿದ್ದೆ. ಅಷ್ಟರಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ತಟ್ಟೆಗಳ ಟ್ರೇ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟಂತೆ ನನಗೂ ಬಾಳೆಲೆ ಹಾಸಿದ ಒಂದು ಪುಟ್ಟ ತಟ್ಟೆ ಕೊಟ್ಟಳು. ಹೋಟೆಲಿನ ತಿಂಡಿ ಎಂದುಕೊಂಡು, ಏನೆಂದು ನೋಡದೆ ಬಾಯಿಗೆ ಹಾಕಿಕೊಂಡೆ.

ಆ ರುಚಿ ನಾಲಿಗೆಗೆ ತಾಗಿದ್ದೇ ತಡ ಇಪ್ಪತ್ತೆರಡು ವರ್ಷದ ಮಧ್ಯಾಹ್ನಗಳೆಲ್ಲ ಒಟ್ಟಿಗೆ ಬಂದವು. ದುಗ್ಗಮ್ಮನ ಜಗುಲಿ, ಹೊಗೆ ಹಿಡಿದ ತೊಲೆ, ಬಾಳೆಲೆಯ ಮೇಲೆ ಸೌತೆಕಾಯಿ ಕಡುಬು, ಮಂಜುನಾಥಪ್ಪನ ಮೀನಿನ ತಮಾಷೆ, ಇನ್ನೊಂದು ಹಾಕ್ಕಳಿ ಅಕ್ಕೋರೆ ಎನ್ನುವ ದನಿ. ಕಡುಬಿನ ಹಿಟ್ಟಿಗೆ ಕಾಡುಜೀರಿಗೆಯ ಒಂದು ಚಿಟಿಕೆ ಹಾಕುವವಳು ನನಗೆ ತಿಳಿದಂತೆ ಅವಳೊಬ್ಬಳೇ. ಮೂವತ್ತೊಂದು ವರ್ಷ ಪಾಠ ಮಾಡಿದ ಪದದ ಅರ್ಥ ನನ್ನ ಬಾಯೊಳಗೇ ಇತ್ತು. ನಾನು ಅಗಿಯುತ್ತಿದ್ದದ್ದು ಬುಟ್ಟಿಯ ಕಡುಬು. ಗದ್ದೆಗಿಟ್ಟದ್ದು.

ತಲೆಯೆತ್ತಿದರೆ ಎಲ್ಲರ ಬಾಯಿಯೂ ಆಡುತ್ತಿತ್ತು. ಮೂವತ್ತು ಜನ. ನಾಯಿಗೂ ಒಬ್ಬ ಬುತ್ತಿಯುಂಡೆ ಮುರಿದು ಹಾಕುತ್ತಿದ್ದ. ದುಗ್ಗಮ್ಮ ಅವರಾರನ್ನೂ ನೋಡುತ್ತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಉಂಡ್ರಾ ಅಕ್ಕೋರೆ?" ಅಂದಳು.

ಈ ಊರಿನಲ್ಲಿ ದಾರಿಯಲ್ಲಿ ಸಿಕ್ಕವರೆಲ್ಲ ಒಬ್ಬರನ್ನೊಬ್ಬರು ಕೇಳುವ ಮಾತು ಅದು. ಅವಳು ಅದನ್ನು ಚುಚ್ಚಲು ಕೇಳಲಿಲ್ಲ, ನನಗೆ ಗೊತ್ತು. ನಾನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತೆ. ಕೊನೆಗೆ ಅಟ್ಟದ ಕಟಾಂಜನ ಹಿಡಿದು ಬಗ್ಗಿ ನೀರಿಗೆ ಕಾರಿಕೊಂಡೆ. ಅವಳ ಗದ್ದೆ ಇದ್ದ ನೀರಿಗೆ. ನನ್ನ ಜನ್ಮದಲ್ಲಿ ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆಯಾದದ್ದಿಲ್ಲ.

ಬುಟ್ಟಿಗಳನ್ನು ಆಗ ಹೊರಗೆ ತಂದರು. ಮುಕ್ಕಾಲು ಖಾಲಿ. ಫೋಟೋಗೆ ತುಂಬಿದಂತೆ ಕಾಣಲೆಂದು ಅಡಿಗೆ ಬಾಳೆಲೆ ತುರುಕಿ ಮೇಲೆ ನಾಲ್ಕು ಕಡುಬು ಜೋಡಿಸಿದ್ದರು. ಶ್ರೀನಾಥ್ ಮೈಕು ಕೆಳಗಿಳಿಸಿ, "ದುಗ್ಗಮ್ಮ, ಬಿಸಿಲು ಚೆನ್ನಾಗಿದೆ, ಈಗ ಹಾಕ್ಬಿಡಿ, ಸ್ವಲ್ಪ ನಿಧಾನಕ್ಕೆ" ಅಂದ. ದುಗ್ಗಮ್ಮ ಎದ್ದಳು. ಬುಟ್ಟಿಯೊಳಗೆ ನೋಡಿದಳು. ಶಾಲೆಯಲ್ಲಿ ಅಧಿಕಾರಿಯನ್ನು ಓಡಿಸಿದಂತೆ ಇವನನ್ನೂ ಓಡಿಸುತ್ತಾಳೆ ಎಂದು ನಾನು ಕಾದೆ, ಬೇಡಿಕೊಂಡೆ ಎಂದರೂ ಸರಿ. ಅವಳು ಬುಟ್ಟಿಗಳ ಮೇಲೆ ಬಟ್ಟೆ ಮುಚ್ಚಿ, ಒಂದನ್ನು ಸುಷ್ಮಾಳ ಕೈಗೆ ಕೊಟ್ಟು, ಒಂದನ್ನು ತಾನು ಕಂಕುಳಿಗೇರಿಸಿ ಗೇಟಿನ ಕಡೆ ನಡೆದಳು. ಅದೂ ಆಚರಣೆಯ ಭಾಗವೇ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ನಾನು ಶ್ರೀನಾಥನ ಎದುರು ಹೋಗಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ತನ್ನ ತಪ್ಪೇನೆಂದು ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ. "ಅಷ್ಟೊಂದು ಮಾಡಿದ್ರು ಟೀಚರ್, ಎಲ್ಲಾ ನೀರಿಗೆ ಹಾಕಿ ವೇಸ್ಟ್ ಮಾಡೋದಾ ಅಂತ ಶೆಫ್ ಪ್ಲೇಟಿಂಗ್ ಮಾಡ್ದ. ಗೆಸ್ಟುಗಳು ಎಷ್ಟು ಇಷ್ಟಪಟ್ರು ನೋಡಿ" ಅಂದ. ಸಂಜೆಯೊಳಗೆ ವಿಡಿಯೋ ಬಂತು. ಕೊನೆಗೆ ಯಾರೋ ಕೆಲಸದ ಹೆಂಗಸಿಗೆ ಸೀರೆ ಉಡಿಸಿ ನೀರಿಗೆ ಅನ್ನ ಎರಚಿಸಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ ಆ ಪದ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ನನ್ನ ಹೆಸರು. ತೆಗಿ ಎಂದು ಫೋನು ಮಾಡಿದೆ. ಈಗಾಗಲೇ ಎಷ್ಟು ಸಾವಿರ ಜನ ನೋಡಿದ್ದಾರೆ ಗೊತ್ತಾ ಟೀಚರ್ ಎಂದ. ನಾನು ಫೋನು ಇಟ್ಟೆ, ಅವನು ಅಂದು ಹಣ್ಣು ತಂದಿದ್ದ ಖಾಲಿ ಬುಟ್ಟಿ ಇನ್ನೂ ಮನೆಯಲ್ಲಿತ್ತು, ಅದನ್ನು ಬೀದಿಗೆ ಎಸೆದೆ.

ಮರುದಿನ ದುಗ್ಗಮ್ಮನ ಮನೆಗೆ ಹೋದೆ. ಮಧ್ಯಾಹ್ನವಾಗಿತ್ತು. ಒಲೆ ಉರಿಯುತ್ತಿತ್ತು, ಅವಳು ಮತ್ತೆ ಕಡುಬಿನ ಹಿಟ್ಟು ಕಲಸುತ್ತಿದ್ದಳು. ಸುಷ್ಮಾ ನನಗೆ ಬಾಗಿಲಲ್ಲೇ ಮೆಲ್ಲಗೆ ಹೇಳಿದಳು: "ಅತ್ತೆ ಮೊನ್ನೆ ಮಧ್ಯಾಹ್ನದಿಂದ ಏನೂ ಉಂಡಿಲ್ಲ ಅಕ್ಕೋರೆ. ಮಾವನೂ ಉಂಡಿಲ್ಲ." ಮಂಜುನಾಥಪ್ಪ ಅಂಗಳದಲ್ಲಿ ತೆಪ್ಪದ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ, "ಅವಳು ಮೂರು ಗಂಟೆಗೆ ಹೊರಡ್ತೀನಿ ಅಂದಿದ್ಲು. ನಿಮಗೇನ್ ಬೇಕಾಗಿತ್ತು?" ಅಂದ. ಮತ್ತೆ ಹಗ್ಗಕ್ಕೆ ತಲೆ ಬಗ್ಗಿಸಿದ.

ಒಳಗೆ ಹೋಗಿ ಅವಳ ಎದುರು ಕೂತೆ. ತಪ್ಪಾಯಿತು ಎಂದೆ. ಅವಳು ಹಿಟ್ಟಿನ ಕೈಯನ್ನು ಸುಮ್ಮನೆ ಗಾಳಿಯಲ್ಲಿ ಆಡಿಸಿದಳು, ಹೋಗಲಿ ಬಿಡಿ ಎಂಬಂತೆ. ಮತ್ತೆ ಕಲಸುತ್ತ ಕೇಳಿದಳು:

"ಆ ಹುಡುಗ ಘಳಿಗೆಗೊಂದ್ಸಲ ಏನೋ ಅಂತಿದ್ನಲ್ಲ, ಇವೋ... ಎಂತದೋ. ಅದು ಎಂತದು ಅಕ್ಕೋರೆ?"

ಅದು ನನ್ನ ಪದ ಎಂದು ಹೇಳಿದೆ. ಏನನ್ನಾದರೂ ನೋಡಿದಾಗ ಹಳೆಯದು ನೆನಪಾಗುತ್ತದಲ್ಲ, ಅಂಥದ್ದಕ್ಕೆ ಹಾಗೆ ಅನ್ನುತ್ತಾರೆ ಎಂದೆ. ನಿನ್ನ ಗದ್ದೆ, ನಿನ್ನ ಅವ್ವ, ಬುಟ್ಟಿ, ಇದೆಲ್ಲ ಹಳೆಯ ನೆನಪು ತರುತ್ತದೆ ಎಂದು ಅವನ ಅರ್ಥ ಎಂದೆ. ಹೇಳುತ್ತ ಹೇಳುತ್ತ ನನಗೇ ನಾಚಿಕೆಯಾಯಿತು.

ದುಗ್ಗಮ್ಮ ಕಲಸುವುದನ್ನು ನಿಲ್ಲಿಸಿದಳು.

"ನೆನಪು ಅಲ್ಲ ಅಕ್ಕೋರೆ ಅದು. ಹೋದವರಿಗೆ ಹಾಕೋ ಎಡೆ ಅಂದ್ಕಂಡ್ರಾ? ಅವಳು ಅಲ್ಲೇ ಇದಾಳಲ್ಲ, ಕೆಳಗೆ. ಬಸ್ರಿ. ನಿನ್ನೆಯಿಂದ ಹಸ್ಕಂಡಿದಾಳೆ."

ಇಪ್ಪತ್ತೆರಡು ವರ್ಷ ಆ ಹಬ್ಬದ ಊಟ ಉಂಡು, ಒಮ್ಮೆಯೂ ಇದು ನನ್ನ ತಲೆಗೆ ಹೋಗಿರಲಿಲ್ಲ. ಪಾಪದ ಹೆಂಗಸು, ಕಳೆದುಕೊಂಡ ಊರನ್ನು ನೆನೆದುಕೊಳ್ಳುತ್ತಾಳೆ ಎಂದು ನಾನೂ ಅಂದುಕೊಂಡಿದ್ದೆ. ಶ್ರೀನಾಥ್ ಮೈಕಿನಲ್ಲಿ ಹೇಳಿದ್ದನ್ನು ನಾನು ಮನಸ್ಸಿನಲ್ಲಿ ಅವನಿಗಿಂತ ಮುಂಚೆ ಹೇಳಿಕೊಂಡಿದ್ದೆ.

"ದಿನ ತಪ್ಪಿತು," ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ತಡ ಆದ್ರೂ ಉಣ್ಣಿಸ್ಬೇಕಲ್ಲ. ನಾಳೆ ಬೆಳಕು ಹರಿಯೋಕ್ ಮುಂಚೆ ಆಚೆ ಕೊಲ್ಲಿಯಿಂದ ಹೋಗ್ತೀವಿ. ಇವರೂ ಬತ್ತಾರಂತೆ."

"ನಾನೂ ಬರ್ತೀನಿ ದುಗ್ಗಮ್ಮ. ಇಲ್ಲೇ ಉಳಿದುಕೊಳ್ತೀನಿ. ಬುಟ್ಟಿ ನಾನು ಹೊರ್ತೀನಿ" ಅಂದೆ. ನಿಜವಾಗಿಯೂ ಹೊರುತ್ತಿದ್ದೆ. ಆ ಹರದಾರಿ ಮೊಣಕಾಲಲ್ಲಿ ತೆವಳು ಎಂದರೂ ತೆವಳುತ್ತಿದ್ದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಅಕ್ಕೋರು ಎಂಬ ಅಂಜಿಕೆಯೂ ಆ ಕಣ್ಣಲ್ಲಿ ಇರಲಿಲ್ಲ.

"ನೀವು ಬ್ಯಾಡ," ಅಂದಳು. "ನೀವು ಬಂದ್ರೆ ನೋಡೋಕ್ ಬಂದಂಗಾಗ್ತದೆ."

ಸುಷ್ಮಾ ತಂದಿಟ್ಟ ನೀರು ಕುಡಿದು ಎದ್ದೆ. ದುಗ್ಗಮ್ಮ ಬಾಳೆಲೆಗೆ ಹಿಟ್ಟು ಹಚ್ಚಲು ಶುರುಮಾಡಿದ್ದಳು, ಬಾಗಿಲ ತನಕ ಬರಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಸಾಗರಕ್ಕೆ ವಾಪಸು ಬಂದೆ.